ಕೇಳಿ ಮುಟ್ಟುತ್ತಿದ್ದ ಹುಡುಗಿ

ನಯನ ನನ್ನನ್ನು ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ಗಸಗಸ ಉಜ್ಜಿಕೊಳ್ಳುತ್ತಿದ್ದಳು. ಬೆಚ್ಚಗಾದ ಮೇಲೆ "ಮುಟ್ಲಾ ಅಜ್ಜಿ?" ಎನ್ನುತ್ತಿದ್ದಳು. ನಾನು ಹೂಂ ಎನ್ನುವ ತನಕ ಅವಳ ಕೈ ಗಾಳಿಯಲ್ಲೇ ನಿಂತಿರುತ್ತಿತ್ತು. ಎಪ್ಪತ್ತಾರು ವರ್ಷದಲ್ಲಿ ನನ್ನನ್ನು ಕೇಳಿ ಮುಟ್ಟಿದವರು ಬೇರೆ ಯಾರೂ ಇಲ್ಲ. ಕಟ್ಟಿಕೊಂಡ ಗಂಡನೂ ಕೇಳಿದವನಲ್ಲ.

ಮೊದಲ ದಿನ ನನಗೆ ನಗು ಬಂತು. "ನಾನೇನು ಕರೆಂಟಿನ ತಂತಿಯೇನೆ? ಮುಟ್ಟು ಮಾರಾಯ್ತಿ" ಎಂದೆ.

"ಮೇಡಂ ಹೇಳ್ಕೊಟ್ಟಿದಾರೆ ಅಜ್ಜಿ. ಕೇಳ್ದೆ ಮುಟ್ಟಿದ್ರೆ ಮಾರ್ಕ್ಸ್ ಹೋಗ್ತದೆ."

ಅವಳು ಅರಳಸುರಳಿಯವಳು. ತೀರ್ಥಹಳ್ಳಿಯ ಒಂದು ಕಾಲೇಜಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೋರ್ಸಿಗೆ ಸೇರಿದ್ದಳು. ಒಂದು ವರ್ಷ ಓದಿದರೆ ವೃದ್ಧಾಶ್ರಮದಲ್ಲೋ ಆಸ್ಪತ್ರೆಯಲ್ಲೋ ಕೆಲಸ ಸಿಗುತ್ತದಂತೆ. ಕೈಯಾರೆ ಮಾಡಿ ಕಲಿಯಲೆಂದು ಒಬ್ಬೊಬ್ಬ ಹುಡುಗಿಗೆ ಒಬ್ಬೊಬ್ಬ ಮುದುಕಿಯನ್ನು ಹಂಚಿದ್ದರು. ನಮ್ಮೂರು ಕೋಣಂದೂರಿನಲ್ಲಿ ಇಬ್ಬರು ಸಿಕ್ಕಿದೆವು. ನಾನು, ಮತ್ತೆ ಎರಡು ಮನೆಯಾಚೆಯ ನನ್ನ ನಾದಿನಿ ಲಕ್ಷ್ಮಿ. ವಾರಕ್ಕೆ ಎರಡು ದಿನದಂತೆ ಮೂರು ತಿಂಗಳು ನಯನ ನನ್ನ ಪಾಲಿಗೆ ಬಂದಳು. ಮುದುಕಿಯ ಬೆನ್ನು ತಿಕ್ಕುವುದಕ್ಕೂ ಕಾಲೇಜು ಬೇಕೇ ಎಂದು ನಾನು ಸೊಸೆಯ ಹತ್ತಿರ ಗೊಣಗಿದ್ದೆ.

ಹುಡುಗಿ ಚುರುಕು. ನನ್ನನ್ನು ಮಂಚದಿಂದ ಏಳಿಸುವಾಗ ಕೈ ಹಿಡಿದು ಎಳೆಯುತ್ತಿರಲಿಲ್ಲ. ಮೊದಲು ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗೆ ಬಿಡಿಸಿ, ಆಮೇಲೆ ತನ್ನ ಭುಜ ಕೊಡುತ್ತಿದ್ದಳು. ಕಾಲಿನ ಉಗುರನ್ನು ಬಿಸಿನೀರಿನಲ್ಲಿ ನೆನೆಸಿ, ಒಂದೊಂದಕ್ಕೂ "ತೆಗೀಲಾ?" ಎಂದು ಕೇಳಿ ತೆಗೆಯುತ್ತಿದ್ದಳು. ಹತ್ತು ಉಗುರಿಗೆ ಹತ್ತು ಸಲ. ನನಗೆ ಹೂಂಗುಟ್ಟಿ ಸಾಕಾಗುತ್ತಿತ್ತು.

ಒಂದು ದಿನ ಕನ್ನಡಕಕ್ಕೆ ಕೊಬ್ಬರಿ ಎಣ್ಣೆ ಸವರಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು, ಚಪ್ಪಲಿಯೊಳಗೆ ಅಕ್ಕಿಕಾಳು ಹಾಕಿಕೊಂಡು ನನ್ನ ಅಂಗಳದಲ್ಲಿ ನಡೆದಳು. ಮುದುಕರ ಕಷ್ಟ ತಿಳಿಯಲಿ ಎಂದು ಮೇಡಂ ಹೇಳಿದ್ದಂತೆ. ಬಟ್ಟೆ ಒಣಗಿಸುವ ಹಗ್ಗಕ್ಕೆ ಕುತ್ತಿಗೆ ಕೊಟ್ಟು, ನನ್ನ ಸೀರೆಯ ಸಮೇತ ಕೆಳಗೆ ಬಿದ್ದಳು.

"ಹಿಂಗೇನಾ ಅಜ್ಜಿ ನಿಮಗೆ?"

"ಹಿಂಗೇ ಕಣೆ. ನಿನಗಾದ್ರೆ ಹತ್ತಿ ತೆಗ್ದು ಎಸೆಯಕ್ಕೆ ಬರ್ತದೆ."

ಅವಳ ಹತ್ತಿರ ಒಂದು ರೆಕಾರ್ಡ್ ಪುಸ್ತಕ ಇತ್ತು. ನಾನು ತಿಂದಿದ್ದು, ಮಲಗಿದ್ದು, ಕಕ್ಕಸಿಗೆ ಹೋಗಿದ್ದು ಎಲ್ಲ ಅದರಲ್ಲಿ. ನಾನು ನಾಲ್ಕನೇ ಕ್ಲಾಸಿನವಳು, ಅಕ್ಷರ ಕೂಡಿಸಿ ಓದಲು ಬರುತ್ತದೆ. ನೀರಿನ ಕಾಲಮಿನಲ್ಲಿ "ದೀಪ ಹಚ್ಚಿದ ಮೇಲೆ: ಇಲ್ಲ" ಎಂದು ಸಾಲಾಗಿ ಬರೆದಿತ್ತು. ಮೂರನೇ ವಾರ ಅವಳು ಪೆನ್ನು ಕೆಳಗಿಟ್ಟು ಕೇಳಿದಳು: "ಸಂಜೆ ಮೇಲೆ ಯಾಕೆ ನೀರು ಕುಡಿಯಲ್ಲ ಅಜ್ಜಿ? ತುಟಿ ಒಡ್ದಿದೆ ನೋಡಿ."

ಯಾರೂ ಕೇಳದ್ದನ್ನು ಕೇಳಿದಳು ಎಂದೋ ಏನೋ, ಹೇಳಿಬಿಟ್ಟೆ.

ನನ್ನ ಅತ್ತೆ ಎರಡು ವರ್ಷ ಮಲಗಿದಲ್ಲೇ ಇದ್ದರು. ನಾನು ಗದ್ದೆಯ ಕೆಲಸ ಮುಗಿಸಿ ಬಂದು ಮಲಗಿ ಬೆಳಿಗ್ಗೆ ಎದ್ದರೆ ಅವರ ಕಂಬಳಿ ಒದ್ದೆ. ಮಳೆಗಾಲದಲ್ಲಿ ಕಂಬಳಿ ಒಣಗುವುದೆಲ್ಲಿ? ಅದಕ್ಕೆ ದೀಪ ಹಚ್ಚಿದ ಮೇಲೆ ಅವರಿಗೆ ನೀರು ಕೊಡುವುದನ್ನು ನಿಲ್ಲಿಸಿದೆ. ಕೇಳಿದರೆ "ಕೊಡಪಾನ ಖಾಲಿ" ಎನ್ನುತ್ತಿದ್ದೆ. ಕೊಡಪಾನ ತುಂಬಿರುತ್ತಿತ್ತು. ಕೊನೆಗೆ ಅವರು ಕೇಳುವುದನ್ನೇ ಬಿಟ್ಟರು. ಅವರು ಹೋದ ಮೇಲೆ ಸಂಜೆಯ ನೀರು ನನಗೂ ಇಳಿಯಲಿಲ್ಲ.

ಲಕ್ಷ್ಮಿ ಅತ್ತೆಯ ಮಗಳು. ಆಗ ಹೊಸನಗರದಲ್ಲಿ ಗಂಡನ ಮನೆಯಲ್ಲಿದ್ದಳು. "ನನ್ನ ಅವ್ವನ್ನ ಅತ್ತಿಗೆ ಮಗು ನೋಡ್ಕಂಡಂಗೆ ನೋಡ್ಕಂಡ್ಲು" ಎಂದು ಅವಳು ಆಮೇಲೂ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದಳು. ಆ ಮಾತು ಕೇಳಿಸಿಕೊಂಡು ನಾನು ನಲವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

"ಲಕ್ಷ್ಮಿ ಕಿವಿಗೆ ಮಾತ್ರ ಬೀಳ್ಬಾರ್ದು ಕಣೆ" ಎಂದೆ.

"ನನ್ನಾಣೆ ಅಜ್ಜಿ. ನಮ್ಮಿಬ್ರಲ್ಲೇ ಇರ್ತದೆ."

ಅಂಗೈ ಉಜ್ಜಿಕೊಂಡು, ಕೇಳಿ, ನನ್ನ ಎಡಗೈ ಹಿಡಿದಳು. ಆ ಕೈಯ ಕಿರುಬೆರಳು ಅರ್ಧವೇ ಇದೆ, ಹುಲ್ಲು ಕೊಯ್ಯುವಾಗ ಕತ್ತಿಗೆ ಹೋಗಿದ್ದು. ಮುಂದಿನ ಸಲ ಬರುವಾಗ ಒಂದು ಬಾಟಲಿ ತಂದಳು. ಅದರ ಮೇಲೆ ಕೆಂಪು ನೇಲ್‌ಪಾಲಿಶಿನಲ್ಲಿ ಗೆರೆ ಎಳೆದಿದ್ದಳು. "ಮಲಗೋದ್ರೊಳಗೆ ಇಲ್ಲೀ ತನ್ಕ" ಎಂದಳು. ಕುಡಿದೆ.

ಕೋರ್ಸು ಮುಗಿದಾಗ ಸರ್ಟಿಫಿಕೇಟ್ ಕೊಡುವ ಕಾರ್ಯಕ್ರಮಕ್ಕೆ ಮುದುಕಿಯರನ್ನೆಲ್ಲ ಕರೆದಿದ್ದರು. ನಾನೂ ಲಕ್ಷ್ಮಿಯೂ ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ಬೆಂಚಿನಲ್ಲಿ ಕೂತೆವು. ನಯನಳ ರೆಕಾರ್ಡಿಗೆ ಮೊದಲ ಬಹುಮಾನ ಎಂದರು. ನಾನು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ. ಅವಳು ಮೈಕಿನ ಮುಂದೆ ನಿಂತು ಓದಿದಳು.

ಸಾವಿತ್ರಮ್ಮ, ಹೆಸರು ಬದಲಿಸಲಾಗಿದೆ. ಎಪ್ಪತ್ತಾರು ವರ್ಷ. ಎಡಗೈಯ ಕಿರುಬೆರಳು ಅರ್ಧ ಇಲ್ಲ.

ನಾನು ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅವಳು ಓದುತ್ತಲೇ ಹೋದಳು. ಕಂಬಳಿ ಓದಿದಳು, ದೀಪ ಓದಿದಳು, "ಕೊಡಪಾನ ಖಾಲಿ" ಎಂದಿದ್ದನ್ನೂ ನನ್ನ ರಾಗದಲ್ಲೇ ಓದಿದಳು. ಜನ ಚಪ್ಪಾಳೆ ತಟ್ಟಿದರು. ಲಕ್ಷ್ಮಿ ನನ್ನ ಮುಖ ನೋಡಲಿಲ್ಲ, ಸೆರಗು ನೋಡಿದಳು. ಎದ್ದು ಹಿಂದಿನ ಬೆಂಚಿಗೆ ಹೋದಳು. ಊರಿಗೆ ಬೇರೆ ಬಸ್ಸಿನಲ್ಲಿ ಬಂದಳು.

ಹದಿನೈದು ದಿನ ಬಿಟ್ಟು, ಮೊಮ್ಮಗನ ನಾಮಕರಣಕ್ಕೆ ಕರೆಯಲು ಬಂದಳು. ಕರೆಯದಿದ್ದರೆ ಊರು ಕೇಳುತ್ತದಲ್ಲ. ಸಂಜೆಯಾಗಿತ್ತು. ಬಾಯಾರಿಕೆಗೆ ತರಲೇ ಎಂದು ಎದ್ದೆ.

"ಬ್ಯಾಡ ಬಿಡು ಅತ್ತಿಗೆ. ಕೊಡಪಾನ ಖಾಲಿ ಇರ್ತದೆ" ಎಂದಳು. ಕುಂಕುಮ ಸೊಸೆಯ ಕೈಗೆ ಕೊಟ್ಟು ಹೋದಳು.

ಅದಾದ ಮೇಲೆ ಒಂದು ಬೆಳಿಗ್ಗೆ ನಯನ ಬಂದಳು. ಸಾಗರದ ಒಂದು ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತ್ತು. ಪೇಡೆಯ ಪೊಟ್ಟಣ ತಂದಿದ್ದಳು. ನಾನು ಪೊಟ್ಟಣ ಬಿಚ್ಚಲಿಲ್ಲ.

"ಆಣೆ ಮಾಡಿದ್ಯಲ್ಲೆ?"

"ಹೆಸ್ರು ಹಾಕಿರ್ಲಿಲ್ಲ ಅಜ್ಜಿ. ಲಕ್ಷ್ಮಜ್ಜಿ ಹತ್ರ ನಾನು ಬಾಯೇ ಬಿಟ್ಟಿಲ್ಲ."

"ಹೆಸ್ರು ತೆಗ್ದೆ. ಬೆರಳು?"

ಹುಡುಗಿ ಕೆಂಪಾದಳು. "ಗುರುತು ಬರೀಲೇಬೇಕು ಅಂತ ಇತ್ತು ಅಜ್ಜಿ, ರೆಕಾರ್ಡಲ್ಲಿ. ಸ್ಟೇಜಲ್ಲಿ ಓದ್ಸ್ತಾರೆ ಅಂತ ಗೊತ್ತಿರ್ಲಿಲ್ಲ. ಮೇಡಂ ಹಿಂದಿನ ದಿನ ಹೇಳಿದ್ರು."

"ಹಿಂದಿನ ದಿನ ಕೋಣಂದೂರಿಗೆ ಬಸ್ ಇರ್ಲಿಲ್ವಾ?"

ಅವಳು ಪೇಡೆಯ ಪೊಟ್ಟಣವನ್ನು ನನ್ನ ಕಡೆಗೆ ಸರಿಸಿದಳು.

"ಒಂದು ಉಗುರು ತೆಗೆಯಕ್ಕೆ ಕೇಳ್ತಿದ್ದೆ. ಇದನ್ನ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀವು ಬ್ಯಾಡ ಅಂತಿದ್ರಿ ಅಜ್ಜಿ."

ಅಷ್ಟು ಮಾತ್ರ ನಿಜ ಹೇಳಿದಳು. ಅಳು ಬಂದಿರಬೇಕು, ಮೂಗು ಒರೆಸಿಕೊಂಡಳು. ಹೊರಡುವಾಗ ಅಭ್ಯಾಸದಂತೆ ಅಂಗೈ ಉಜ್ಜಿಕೊಂಡು ಎದುರು ನಿಂತಳು.

"ಮುಟ್ಲಾ ಅಜ್ಜಿ?"

"ಬ್ಯಾಡ" ಎಂದೆ.

ಕೈ ಇಳಿಸಿದಳು. ಹೋದಳು. ಮತ್ತೆ ಬರಲಿಲ್ಲ, ಬಾ ಎಂದು ನಾನೂ ಹೇಳಿಕಳಿಸಲಿಲ್ಲ. ಸಾಗರದ ಮುದುಕರಿಗೆ ಅವಳ ಕೈ ಹಿತವಾಗಿಯೇ ಇರುತ್ತದೆ, ಅದರಲ್ಲಿ ಸಂಶಯವಿಲ್ಲ. ಅವರು ಬಾಯಿ ಬಿಡದಿದ್ದರೆ ಸಾಕು.

ಕೆಂಪು ಗೆರೆಯ ಬಾಟಲಿಯನ್ನು ಸೊಸೆ ಸೀಮೆಎಣ್ಣೆಗೆ ಇಟ್ಟುಕೊಂಡಿದ್ದಾಳೆ. ಲಕ್ಷ್ಮಿಯ ಮನೆಯಿಂದ ಮಾತು ಕೇಳಿಸುತ್ತದೆ, ನನ್ನ ಜೊತೆ ಆಡುವ ಮಾತಲ್ಲ. ಮೊನ್ನೆ ಕಾಲಿನ ಉಗುರು ಬೆಳೆದು ಚುಚ್ಚುತ್ತಿತ್ತು. ಸೊಸೆ ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದು, ಏನೂ ಕೇಳದೆ ಕಾಲು ಎಳೆದು ತೊಡೆಯ ಮೇಲಿಟ್ಟುಕೊಂಡಳು. ಕೈ ತಣ್ಣಗೆ ಕೊರೆಯುತ್ತಿತ್ತು. ಹತ್ತೂ ಉಗುರು ತೆಗೆದು ಮುಗಿಯುವ ತನಕ, ಯಾರೂ ಕೇಳದೆಯೇ, ನಾನು ಹೂಂ ಎನ್ನುತ್ತಿದ್ದೆ.