ಚಸ್ಮಾದವರ ತಗ್ಗು ಗಾಜು

ಹೊನ್ನಾವರ ಬಂದರಿನ ಚಸ್ಮಾದವರು ಕನ್ನಡಕದ ವ್ಯಾಪಾರದ ನಡುವೆಯೇ, ಕಣ್ಣು ನೋಡಿ ಗಾಜು ಕೊಡುವ ವಿದ್ಯೆಯ ಮುಂಬಯಿ ಪರೀಕ್ಷೆಗೆ ಓದುತ್ತಿದ್ದರು. ಗಾಜಿನ ಮೇಲೆ ಉಸಿರು ಬಿಟ್ಟು, ಪಂಚೆಯ ತುದಿಯಲ್ಲಿ ಒರೆಸುತ್ತ, "ಉಬ್ಬು ಗಾಜು ಬೆಳಕು ಕೂಡಿಸ್ತದೆ, ತಗ್ಗು ಗಾಜು ಚದುರಿಸ್ತದೆ" ಎಂದು ಗಿರಾಕಿಗಳೆದುರೇ ಬಾಯಿಪಾಠ ಮಾಡುವರು.

ದೂರದ್ದು ಕಾಣದ ನನ್ನ ಅಕ್ಕನ ಕಣ್ಣಿಗೆ ಒಮ್ಮೆ ತಗ್ಗು ಗಾಜು ಹಿಡಿದರು. ಅಕ್ಕ ಹೊಳೆಯಾಚೆ ನೋಡಿ, "ಮಾವಿನಕುರ್ವೆ ತೆಂಗಿನಮರ ಒಂದೊಂದೇ ಬೇರೆ ಕಾಣ್ತದೆ" ಎಂದಳು.

ಅವರು ಗಾಜನ್ನು ಪೆಟ್ಟಿಗೆಗೆ ಸೇರಿಸಿದರು. "ಚಸ್ಮಾ ಹಾಕಿದ ಹುಡ್ಗೀನ ಯಾರೂ ಒಪ್ಪೂದಿಲ್ಲ. ಮದ್ವೆ ಆಗ್ಲಿ, ಆಮೇಲೆ ಕೊಡುವ."

"ಆತು" ಎಂದರು ಅಪ್ಪ.

ಮುಂದೆ ವರನ ಕಡೆಯವರು ವಿಚಾರಿಸಿದಾಗ ಚಸ್ಮಾದವರು, "ಹುಡ್ಗಿ ಕಣ್ಣು ಚೊಲೋ ಅದೆ" ಎಂದರು. ಅಷ್ಟರಲ್ಲಿ ಅವರು ಮುಂಬಯಿ ಪರೀಕ್ಷೆ ಪಾಸಾಗಿದ್ದರು, ಎಲ್ಲರೂ ನಂಬಿದರು.

ಹೆಣ್ಣು ನೋಡುವ ದಿನ ವರ ಜಗಲಿಯ ಆ ತುದಿಯಲ್ಲಿ ಕುಳಿತಿದ್ದ. ಅಕ್ಕ ತಲೆಯಾಡಿಸಿ ಒಪ್ಪಿದಳು. ಒಳಗೆ ಬಂದು ನನ್ನ ಕಿವಿಯಲ್ಲಿ ಕೇಳಿದಳು: "ಅವ್ರ ಮುಖ ಹ್ಯಾಂಗದೆ?"