ಮ್ಯಾಚಿಂಗ್ ಅಂಗಡಿ ಅತ್ತೆಯ ಕಣ್ಣು

ಬಟ್ಟೆಯನ್ನು ಬಿಸಿಲಿಗೆ ಹಿಡಿದಾಗ ಅವರ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು; ಬಲಗಣ್ಣಿನ ಕೆಳಗೆ ಮೂರು ಸುಕ್ಕು ಏಳುತ್ತಿದ್ದವು. ಆ ಮಧ್ಯಾಹ್ನವೂ ಹಾಗೆಯೇ ಚಾಮರಾಜಪೇಟೆಯ ನಮ್ಮ ಮನೆಯ ಹೊಸ್ತಿಲಾಚೆ ನಿಂತಿದ್ದರು, ಕೈಯಲ್ಲಿ ಅಂಗೈಯಗಲದ ರೇಷ್ಮೆ ತುಂಡು. ಒಳಗೆ ಕಂಪ್ಯೂಟರ್ ಮುಂದೆ ನಾನು, ಪಕ್ಕದ ಕುರ್ಚಿಯಲ್ಲಿ ಅವರ ಮೊಮ್ಮಗಳು. ಇದ್ದದ್ದು ಮೂವರೇ.

ಬೀದಿಗೆಲ್ಲ ಅವರು ಮ್ಯಾಚಿಂಗ್ ಅಂಗಡಿ ಅತ್ತೆ. ಸೀರೆಗೆ ಹೊಂದುವ ರವಿಕೆ ಕಣ, ಫಾಲ್ಸು, ಲಂಗದ ಬಟ್ಟೆ ಮಾರುವ ಪುಟ್ಟ ಅಂಗಡಿ. ಗಂಡ ಹೋದ ಮೇಲೆ ಅದರಲ್ಲೇ ಮಗಳನ್ನು ಬೆಳೆಸಿದರು. ಆ ಮಗಳೂ ನಾಲ್ಕು ವರ್ಷದ ಕೂಸನ್ನು ಬಿಟ್ಟು ತೀರಿಕೊಂಡಾಗ ಮೊಮ್ಮಗಳನ್ನು ಬೆಳೆಸಿದರು. ಅಂಗಡಿಯ ದೀಪವನ್ನು ಮಾತ್ರ ಒಂದು ದಿನವೂ ನಂಬಲಿಲ್ಲ. "ಟ್ಯೂಬ್‌ಲೈಟು ಸುಳ್ಳು ಹೇಳುತ್ತೆ, ಬಿಸಿಲಿಗೆ ಬನ್ನಿ" ಎಂದು ಗಿರಾಕಿಗಳನ್ನು ಫುಟ್‌ಪಾತಿಗೆ ಕರೆತರುತ್ತಿದ್ದರು. ಹೊತ್ತಿಳಿದ ಮೇಲೆ ಬಂದವರಿಗೆ "ನಾಳೆ ಬನ್ನಿ". ಒಮ್ಮೆ ಯಾರೋ ಒಬ್ಬರು ಮೊಬೈಲಿನಲ್ಲಿ ಸೀರೆಯ ಫೋಟೋ ತೋರಿಸಿ ರವಿಕೆ ಕೇಳಿದರು. "ಹೆಂಡ್ತೀನೂ ಹಿಂಗೇ ಫೋಟೋದಲ್ಲೇ ನೋಡಿ ಒಪ್ಕೊಂಡ್ರಾ? ಹೋಗಿ ಸೀರೆ ತನ್ನಿ" ಎಂದರು ಅತ್ತೆ. ಅವರ ಬಾಯಲ್ಲಿ ಬರೀ ಹಸಿರು ಎಂಬ ಬಣ್ಣವಿರಲಿಲ್ಲ. ಗಿಳಿಹಸಿರು, ಪಾಚಿಹಸಿರು, ಬಾಳೆಸುಳಿ ಇದ್ದವು. ನನಗೆ ಆ ಹೆಸರುಗಳು ಬಂದದ್ದು ಅವರಿಂದಲೇ.

ಅಂಥವರು ಕಂಪ್ಯೂಟರಿಗೆ ಯಾಕೆ ಬಂದರು ಅಂದರೆ, ಮೊಮ್ಮಗಳ ಮದುವೆ. ಅವಳಿಗೆ ಅಮ್ಮನ ಧಾರೆ ಸೀರೆಯನ್ನೇ ಉಡುವ ಆಸೆ. ತೆಗೆದು ನೋಡಿದರೆ ರೇಷ್ಮೆ ಮಡಿಕೆ ಮಡಿಕೆಗೂ ಸೀಳಿತ್ತು. ಗಟ್ಟಿಯಾಗಿ ಉಳಿದದ್ದು ಆ ತುಂಡೊಂದೇ. ಅದರದು ಮಾವಿನ ಚಿಗುರಿನ ಬಣ್ಣ, ತಾಮ್ರಕ್ಕೆ ಎಳೆಹಸಿರು ಹಾದಂತೆ. ಹಾಗೇ ಒಂದು ಸೀರೆ ನೇಯ್ದುಕೊಡಲು ಮಗ್ಗದವರು ಒಪ್ಪಿದರು. ತುಂಡು ಕಳಿಸಿ, ಇಲ್ಲವೇ ಬಣ್ಣದ ನಂಬರ್ ಕಳಿಸಿ ಎಂದರು.

"ತುಂಡು ಕಳ್ಸಲ್ಲ. ದಾರೀಲಿ ಕಳೆದೋದ್ರೆ ನನ್ ಮಗಳದ್ದು ಇನ್ನೇನಿದೆ?" ಎಂದರು ಅತ್ತೆ.

ಮೊಮ್ಮಗಳ ಮೊಬೈಲಿನಲ್ಲಿ ಬಣ್ಣ ಕೂಡಿಸಿ ಅದರ ನಂಬರ್ ಕೊಡುವ ಆ್ಯಪ್ ಇತ್ತು. ಪರದೆ ಚಿಕ್ಕದು, ಅತ್ತೆಯ ಬೆರಳು ನಡುಗಿದರೆ ಕೆಂಪು ಹೋಗಿ ನೀಲಿ ಬರುತ್ತಿತ್ತು. ನಾನು ಲಗ್ನಪತ್ರಿಕೆಗಳಿಗೆ ಅಕ್ಷರ ಜೋಡಿಸುವವನು. ಮನೆಯಲ್ಲಿ ದೊಡ್ಡ ಕಂಪ್ಯೂಟರ್ ಇತ್ತು. ಮೊಬೈಲಿನ ಆ್ಯಪನ್ನು ಕಂಪ್ಯೂಟರಿನಲ್ಲೇ ನಡೆಸುವ ಒಂದು ಸಾಫ್ಟ್‌ವೇರ್ ಹಾಕಿ, ಅದನ್ನು ಪರದೆಯ ತುಂಬ ತೆರೆದಿಟ್ಟೆ. ಜಂಬವೂ ಇತ್ತು ಅನ್ನಿ.

ಪರದೆ ನೋಡಿದ್ದೇ ಅತ್ತೆ ಕೇಳಿದರು: "ಏನೋ ಮಗೂ, ನಿನ್ ಕಂಪ್ಯೂಟರ್‌ಗೆ ಕಾಮಾಲೆ ಬಂದಿದ್ಯಾ?"

ಮೂವರೂ ನಕ್ಕೆವು. "ಅದು ಸರಿಯಾಗೇ ಇದೆ ಅತ್ತೆ. ನೀವು ಕಣ್ಣಿನ ಪೊರೆ ತೆಗೆಸಿದೀರಲ್ಲ, ಅದಕ್ಕೇ ಹಂಗೆ ಕಾಣುತ್ತೆ" ಎಂದೆ.

"ಇರಬೌದಪ್ಪ" ಎಂದರು.

ನಾಲ್ಕು ಮಧ್ಯಾಹ್ನ ನಡೆಯಿತು ಆ ಕೆಲಸ. ಹೊಸ್ತಿಲಿಗೆ ಹೋಗಿ ತುಂಡನ್ನು ಬಿಸಿಲಿಗೆ ಹಿಡಿಯುವುದು, ಬಣ್ಣವನ್ನು ಕಣ್ಣಲ್ಲಿ ತುಂಬಿಕೊಂಡು ಒಳಗೆ ಬರುವುದು, "ಕೆಂಪು ಇಳ್ಸು. ಹಳದಿ ಇನ್ನೂ ಚೂರು ತೆಗಿ" ಎನ್ನುವುದು. ನಾಲ್ಕನೆಯ ದಿನ ಪರದೆ ನೋಡಿ ತುಂಡನ್ನು ಮಡಿಚಿಟ್ಟರು. "ಇದೇ. ಧಾರೆ ದಿನ ಹಿಂಗೇ ಇದ್ಲು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ನಂಬರನ್ನು ಮಗ್ಗದವರಿಗೆ ಕಳಿಸಿದೆವು.

ಸೀರೆ ಬಂತು. ಅತ್ತೆ ಅದನ್ನು ಅಂಗಡಿಯ ಮುಂದೆ ಬಿಸಿಲಿಗೆ ಹಿಡಿದರು. ತಾಮ್ರದ ಹೊಳಪೇ ಇರಲಿಲ್ಲ. ಬೂದಿ ಬೆರೆಸಿದ ನೇರಳೆಯಂತಿತ್ತು. ಇನ್ನೊಂದು ನೇಯಿಸಲು ದಿನಗಳಿರಲಿಲ್ಲ. ಮೊಮ್ಮಗಳು "ಚೆನ್ನಾಗಿದೆ ಬಿಡಜ್ಜಿ" ಎಂದಳು, ಅದನ್ನೇ ಉಟ್ಟಳು. ಅತ್ತೆ ನನ್ನ ಹತ್ತಿರ ಮಾತ್ರ ಹೇಳಿದರು: "ನನ್ ಕಣ್ಣು ಹೋಯ್ತು ಮಗೂ. ಹೆತ್ತ ಮಗಳ ಸೀರೆ ಬಣ್ಣ ಗುರುತು ಹಿಡಿಯಕ್ಕಾಗ್ಲಿಲ್ಲ. ಇನ್ನು ಊರೋರ ಸೀರೆಗೆ ಏನ್ ಹೊಂದಿಸ್ಲಿ?" ಮದುವೆ ಮುಗಿದ ವಾರವೇ ಅಂಗಡಿ ಮುಚ್ಚಿದರು.

ಎರಡು ತಿಂಗಳ ಮೇಲೆ ಕಂಪ್ಯೂಟರ್ ರಿಪೇರಿಗೆ ಬಂದವನು ಕೇಳಿದ: "ಸಾರ್, ಈ ಹಳದಿ ಯಾಕೆ ಯಾವಾಗ್ಲೂ ಆನ್ ಇಟ್ಟಿದೀರ?" ಹಿಂದೆಂದೋ ಕಣ್ಣುರಿ ಎಂದು ನಾನೇ ಪರದೆಗೆ ಹಳದಿ ಛಾಯೆ ಹಾಕಿಕೊಂಡಿದ್ದೆ. ವರ್ಷಗಟ್ಟಲೆ ಅದನ್ನೇ ನೋಡಿ, ಹಾಕಿದ್ದೇ ಮರೆತುಹೋಗಿತ್ತು. ಅವನು ಅದನ್ನು ತೆಗೆದ. ಪರದೆ ಬೆಳ್ಳಗಾಯಿತು. ನಾನು ಆ್ಯಪ್ ತೆರೆದು ಅದೇ ನಂಬರ್ ಹಾಕಿದೆ. ಕಂಡದ್ದು ಆ ಬೂದಿ ನೇರಳೆ. ಹಳದಿ ಮತ್ತೆ ಹಾಕಿದರೆ ಮಾವಿನ ಚಿಗುರು. ಅತ್ತೆಯ ಕಣ್ಣು ಒಂದೆಳೆಯೂ ತಪ್ಪಿರಲಿಲ್ಲ.

ಹೇಳಬೇಕೆಂದೇ ಮೂರು ಸಲ ಅವರ ಮನೆಗೆ ಹೋದೆ. ಮೂರನೆಯ ಸಲ ಕಾಫಿ ಲೋಟ ಕೈಗಿಟ್ಟು, "ಡಿಕಾಕ್ಷನ್ ಸರಿಯಾಗಿದ್ಯಾ ನೀನೇ ನೋಡಪ್ಪ, ನನಗೆಲ್ಲಿ ಬಣ್ಣ ಗೊತ್ತಾಗುತ್ತೆ" ಎಂದು ನಕ್ಕರು. ಸರಿಯಾಗಿದೆ ಎಂದು ಕುಡಿದು ಎದ್ದು ಬಂದೆ. ಭಯವಲ್ಲ, ನಾಚಿಕೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆಷಾಢದಲ್ಲಿ ಒಂದು ದಿನ ಊಟ ಮಾಡಿ ಮಲಗಿದವರು ಏಳಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಮೊಮ್ಮಗಳನ್ನು ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಜ್ಜಿಗೆ ಹೇಳ್ಬೇಕಿತ್ತು ಅಂಕಲ್" ಎಂದಳು.

ನಲ್ಲಿಯಲ್ಲಿ ಮುಖ ತೊಳೆದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಯಾರೋ ಊಟಕ್ಕೆ ಕರೆದರು. ನಾನು ಪಂಕ್ತಿಯ ಕೊನೆಯಲ್ಲಿ ಕುಳಿತೆ. ಅವಳು ಪಾಯಸದ ಪಾತ್ರೆ ಹಿಡಿದು ಒಬ್ಬೊಬ್ಬರಿಗೂ ಬಡಿಸುತ್ತ ಬಂದಳು. ನನ್ನ ಎಲೆಯ ಮುಂದೆ ಒಂದು ಕ್ಷಣ ನಿಂತಳು, ಬಡಿಸಿದಳು, ತಲೆಯೆತ್ತದೆ ಮುಂದೆ ಹೋದಳು.