ನಾಲ್ಕು ತಾಲ್ಲೂಕಿಗೊಂದು ಸೂಕ್ಷ್ಮದರ್ಶಕ

ಗಂಗಾವತಿಯ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಪಾಠ ಹೇಳುತ್ತಿದ್ದೆ. ಬಿಡುವಿನಲ್ಲಿ ಭತ್ತದ ಬೆಂಕಿರೋಗದ ಬಗ್ಗೆ ಕೆಲಸ ಮಾಡುತ್ತಿದ್ದೆ. ಕಾಲುವೆ ಕೆಳಗಿನ ಗದ್ದೆಗಳು ಕಾಲೇಜಿನ ಕಾಂಪೌಂಡಿನಾಚೆಗೇ ಶುರುವಾಗುತ್ತಿದ್ದುದರಿಂದ ರೋಗ ತಗುಲಿದ ಎಲೆಗೇನೂ ಬರವಿರಲಿಲ್ಲ. ಆದರೆ ನಮ್ಮ ಸೂಕ್ಷ್ಮದರ್ಶಕದ ಅತಿ ಬಲವಾದ ಮಸೂರದೊಳಗೇ ಬೂಷ್ಟು ಬೆಳೆದಿತ್ತು. ಎಲೆಯ ಶಿಲೀಂಧ್ರ ನೋಡಲು ಹೋದರೆ ಮಸೂರದ ಶಿಲೀಂಧ್ರ ಅಡ್ಡ ಬರುತ್ತಿತ್ತು.

ಕೊಪ್ಪಳ ಹೊಸ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಆಗ ಅನುದಾನ ಕೊಡುವ ಸಂಸ್ಥೆಯೊಂದರಿಂದ ಸುತ್ತೋಲೆ ಬಂತು. ಕ್ಯಾಮೆರಾ ಜೋಡಿಸಿದ ಒಳ್ಳೆಯ ಸೂಕ್ಷ್ಮದರ್ಶಕಕ್ಕೆ ಅರ್ಜಿ ಹಾಕಬಹುದು. ಆದರೆ ಅದು ಒಬ್ಬರ ಸ್ವತ್ತಾಗುವಂತಿಲ್ಲ. ಸುತ್ತಲಿನ ಸಂಶೋಧಕರು ಹಂಚಿಕೊಂಡು ಬಳಸಬೇಕು, ಯಾರು ಏನು ನೋಡುತ್ತಾರೆಂದು ಅವರವರೇ ಬರೆದುಕೊಡಬೇಕು.

ಪ್ರಾಂಶುಪಾಲರು ಅದನ್ನು ಓದಿ ಕನ್ನಡಕ ತೆಗೆದರು. “ಸಂಶೋಧನಾ ಮಾಡೋರು ನಮ್ಮ ಕಡೆ ಯಾರದಾರ್ರಿ ಮೇಡಂ?”

ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಇಲ್ಲೇ ಇದ್ದು ಆ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲವಲ್ಲ ಎನ್ನಿಸಿತು. ಸಿಕ್ಕಸಿಕ್ಕವರನ್ನು ವಿಚಾರಿಸತೊಡಗಿದೆ. ಪರೀಕ್ಷೆಯ ಪೇಪರು ತಿದ್ದುವಾಗ ಪಕ್ಕ ಕೂತಿದ್ದವರು ಯಲಬುರ್ಗಾದ ಒಬ್ಬ ಉಪನ್ಯಾಸಕರ ವಿಷಯ ಹೇಳಿದರು. “ಜೇನುತುಪ್ಪದಾಗ ಏನೋ ಹುಡುಕ್ತಾರಂತ್ರಿ ಅವ್ರು. ಏನಂತ ನಮಗ ತಿಳಿದಿಲ್ಲ.”

ಆ ಭಾನುವಾರವೇ ಅವರ ಮನೆಗೆ ಹೋದೆ. ನನಗಿಂತ ಚಿಕ್ಕವರು, ಮೆಲುದನಿಯವರು. ಅವರ ತಾಯಿ “ಬೈಠೊ ಬೇಟಿ” ಎಂದು ಕೂಡಿಸಿ ಚಹಾ ತಂದರು. ಮಗ ಕಪಾಟಿನಿಂದ ಪುಟ್ಟ ಸೀಸೆಗಳನ್ನು ಇಳಿಸಿದರು. ಪ್ರತಿಯೊಂದರಲ್ಲೂ ಬೇರೆಬೇರೆ ಊರಿನ ಜೇನು.

“ಇದರಾಗ ಪರಾಗ ಇರ್ತಾವ್ರಿ ಮೇಡಂ. ಪರಾಗ ಗುರುತು ಸಿಕ್ರ ಹುಳ ಯಾವ ಹೂವಿಗೆ ಹೋಗಿತ್ತು ಅಂತ ಗೊತ್ತಾಗತೈತಿ. ಬ್ಯಾಸಿಗ್ಯಾಗ ಇಲ್ಲಿ ಕಣ್ಣಿಗೆ ಒಂದು ಹೂ ಕಾಣಂಗಿಲ್ಲ. ಆದ್ರೂ ಜೇನು ಕಟ್ಟತಾವ. ಎಲ್ಲಿಂದ ತರ್ತಾವ ಇವು?”

ನಾನು ಸೀಸೆಯನ್ನು ಬೆಳಕಿಗೆ ಹಿಡಿದೆ. ಎಲ್ಲಿಂದ ತರುತ್ತವೆ? ಬಂದ ಕೆಲಸ ಮರೆತು ಮಧ್ಯಾಹ್ನದವರೆಗೂ ಅದನ್ನೇ ಮಾತಾಡಿದೆವು. ಅರ್ಜಿಗೆ ಬೇಕಾದ ಪತ್ರವನ್ನೇನೋ ಖುಷಿಯಿಂದ ಬರೆದುಕೊಟ್ಟರು. ಬಸ್ಸಿಗೆ ಬಿಡಲು ಬಂದವರು ಸಂಕೋಚದಿಂದ ಕೇಳಿದರು: “ಮಷೀನು ಗಂಗಾವತ್ಯಾಗ ಇರತೈತೇನ್ರಿ? ಕೊಪ್ಪಳಕ್ಕ ಆದ್ರ ಕಾಲೇಜು ಮುಗಿಸಿ ಬರಬಹುದಿತ್ತು. ಗಂಗಾವತಿ ಅಂದ್ರ ರಜಾ ಹಾಕಬೇಕು.”

ಯಂತ್ರ ನಮ್ಮ ಪ್ರಯೋಗಾಲಯದ ಕಿಟಕಿ ಪಕ್ಕ ಕೂತಿರುವುದನ್ನು ನಾನಾಗಲೇ ಕಲ್ಪಿಸಿಕೊಂಡುಬಿಟ್ಟಿದ್ದೆ.

ಮುಂದೆ ಕುಷ್ಟಗಿಗೆ ಹೋದೆ. ಅಲ್ಲೊಬ್ಬ ಪಶುವೈದ್ಯರು ಕುರಿಗಳ ರಕ್ತದಲ್ಲಿನ ಪರೋಪಜೀವಿಗಳ ಬಗ್ಗೆ ಮಾಹಿತಿ ಕೂಡಿಹಾಕುತ್ತಿದ್ದಾರೆಂದು ಕೇಳಿದ್ದೆ. ನಮ್ಮಲ್ಲಿರುವುದು ಎಂಥದೆಂದು ತೋರಿಸಲಿಕ್ಕೆ ಕಾಲೇಜಿನ ಹಳೆಯ ಸೂಕ್ಷ್ಮದರ್ಶಕವನ್ನು ಮರದ ಪೆಟ್ಟಿಗೆಯಲ್ಲಿ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದ ಅಜ್ಜಿ ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು, “ಯಾವ ದೇವ್ರವ್ವಾ?” ಎಂದಳು.

ವೈದ್ಯರು ಸುತ್ತೋಲೆಯನ್ನು ಓದಲೂ ಇಲ್ಲ. “ಇಂಥಾವಕ್ಕ ಭಾಳ ಸಹಿ ಹಾಕೀನ್ರಿ. ಸಾಮಾನು ಬರತೈತಿ, ಒಬ್ಬರ ಖೋಲಿ ಸೇರತೈತಿ. ಚಾವಿ ಯಾರ ಕಡೆ ಇರತೈತಿ, ಮೊದಲು ಅದನ್ನ ಹೇಳ್ರಿ.”

“ಅದಿರಲಿ ಸರ್, ನಿಮಗೆ ಏನು ನೋಡಬೇಕಾಗೈತಿ?” ಎಂದೆ.

ಅವರು ಒಳಗೆ ಹೋಗಿ ಒಂದು ಸ್ಲೈಡು ತಂದರು. ಜ್ವರ ಬಂದ ಕುರಿಯ ರಕ್ತ, ಕಾಣಲೆಂದು ಬಣ್ಣ ಹಾಕಿದ್ದು. ಪೆಟ್ಟಿಗೆಯಿಂದ ಸೂಕ್ಷ್ಮದರ್ಶಕ ತೆಗೆದು, ಅದರ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಇಬ್ಬರೂ ಸರದಿಯಂತೆ ಬಗ್ಗಿದೆವು. ಗುಲಾಬಿ ಕಣಗಳ ನಡುವೆ ನೀಲಿ ಚುಕ್ಕೆಗಳು.

“ಇದು ಜೀವಾನೋ, ಬಣ್ಣದ ಕಸಾನೋ?” ಎಂದರು.

“ಬಣ್ಣ ಅನ್ನಿಸ್ತೈತ್ರಿ.”

“ಜೀವ ಅಂತೀನಿ ನಾನು. ಇನ್ನೊಮ್ಮೆ ನೋಡ್ರಿ.”

ಮತ್ತೆ ನೋಡಿದೆ. ಈ ಸಲ ಅದು ಜೀವವೇ ಎನ್ನಿಸಿತು. ಅಷ್ಟರಲ್ಲಿ ಅವರು ಬಣ್ಣದ ಕಡೆ ವಾಲಿದ್ದರು. ಇಬ್ಬರಿಗೂ ನಗು ಬಂತು. ದೂರದ ಪ್ರಯೋಗಾಲಯಕ್ಕೆ ಕಳಿಸಿದರೆ ಉತ್ತರ ಬರುವಷ್ಟರಲ್ಲಿ ಕುರಿ ಸತ್ತಿರುತ್ತದೆ, ಇಲ್ಲವೇ ತಾನೇ ಹುಷಾರಾಗಿರುತ್ತದೆ ಎಂದರು. ಸಹಿ ಮಾತ್ರ ಹಾಕಲಿಲ್ಲ. “ಚಾವಿ ವಿಚಾರ ಮಾಡಿ ಬರ್ರಿ,” ಎಂದು ಪೆಟ್ಟಿಗೆಯನ್ನು ತಾವೇ ಬಸ್ಸಿನವರೆಗೆ ಎತ್ತಿಕೊಂಡು ಬಂದರು.

ವಾಪಸಾಗುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಯಂತ್ರ ಕೊಪ್ಪಳದಲ್ಲಿದ್ದರೆ ನಾನು ಎಲೆ ಕಿತ್ತುಕೊಂಡು ಅಲ್ಲಿಗೆ ಓಡಬೇಕು. ತಲುಪುವಷ್ಟರಲ್ಲಿ ಎಲೆ ಸುರುಳಿಯಾಗಿರುತ್ತದೆ. ಗಂಗಾವತಿಯಲ್ಲಿದ್ದರೆ ಒಬ್ಬರಿಗೆ ದೂರ, ಇನ್ನೊಬ್ಬರಿಗೆ ಅದು ನನ್ನ ಖೋಲಿ; ಆ ಇಬ್ಬರೂ ಬರುವುದಿಲ್ಲ, ಪತ್ರ ಬರೀ ಪತ್ರವಾಗುತ್ತದೆ. ಯಂತ್ರ ಬಿಟ್ಟುಕೊಡಲು ಮನಸ್ಸಿರಲಿಲ್ಲ, ನಿಜ. ಆದರೆ ಆ ಜೇನಿನಲ್ಲಿ ಯಾವ ಹೂವಿದೆ ಎಂದು ತಿಳಿಯುವ ಆಸೆಯೂ ಅಷ್ಟೇ ಜೋರಾಗಿತ್ತು.

ಪ್ರಾಂಶುಪಾಲರು ಸಿಟ್ಟಾದರು. “ಓಡಾಡೋರು ನಾವು, ಮಷೀನು ಕೊಪ್ಪಳಕ್ಕೇನ್ರಿ?”

“ಸರ್, ಇಲ್ಲಿದ್ರ ನಾನೊಬ್ಬಾಕಿನ ನೋಡ್ತೀನಿ.”

ಅವರು ಸುತ್ತೋಲೆಯನ್ನು ಇನ್ನೊಮ್ಮೆ ಓದಿ, ಕೊನೆಗೆ ಪೆನ್ನು ತೆಗೆದರು. ಕೊಪ್ಪಳದ ಕಾಲೇಜೊಂದು ಖೋಲಿ ಕೊಡಲು ಒಪ್ಪಿತು. ಚಾವಿ ಅಲ್ಲಿನ ಕಚೇರಿಯ ಗೋಡೆಯ ಮೊಳೆಗೆ ತೂಗಿರಬೇಕು, ಅರ್ಜಿಯಲ್ಲಿರುವ ಯಾರು ಕೇಳಿದರೂ ಕೊಡಬೇಕು ಎಂದು ಬರೆದೆವು. ಅದನ್ನು ಓದಿದ ಮೇಲೆಯೇ ವೈದ್ಯರು ಸಹಿ ಹಾಕಿದ್ದು. ಏನು ನೋಡಬೇಕೆಂಬ ಕಡೆ ಅವರು ಹೀಗೆ ಬರೆದರು: ‘ಜೀವವೋ ಕಸವೋ ಎಂದು ತಿಳಿಯಬೇಕಿದೆ.’

ಮೊದಲ ಸಲ ಅರ್ಜಿ ತಿರಸ್ಕೃತವಾಯಿತು. ಮರುವರ್ಷ ಮತ್ತೆ ಹಾಕಿದಾಗ ಮಂಜೂರಾಯಿತು. ಕೇಳಿದ ಮಸೂರಗಳಲ್ಲಿ ಕೆಲವನ್ನು ಕಡಿತ ಮಾಡಿದ್ದರು.

ಯಂತ್ರ ಕೂಡಿಸಿದ ದಿನ ಮೂವರೂ ಸೇರಿದೆವು. ಮೊದಲು ಯಾರದು ಎಂಬ ಮಾತು ಬಂದಾಗ ಎಲ್ಲರೂ “ನಿಮ್ದು ನೋಡ್ರಿ, ನಿಮ್ದು ನೋಡ್ರಿ” ಎನ್ನತೊಡಗಿದೆವು. ಕಡೆಗೆ ಯಲಬುರ್ಗಾದವರು ಜೇನಿನ ಸ್ಲೈಡು ಇಟ್ಟರು. ತೆರೆಯ ಮೇಲೆ ಮುಳ್ಳುಮುಳ್ಳಾದ ಒಂದು ಹಳದಿ ಗುಂಡು ಮೂಡಿತು. ವೈದ್ಯರು ಕುರ್ಚಿ ಮುಂದೆಳೆದುಕೊಂಡರು.

“ಇದ್ಯಾವ ಹೂವಿಂದ್ರಿ?”

“ಗೊತ್ತಿಲ್ರಿ ಸರ್,” ಎಂದರು ಯಲಬುರ್ಗಾದವರು. ಅವರ ಮುಖ ಅರಳಿತ್ತು. “ಇಂಥಾದು ನಾ ನೋಡೇ ಇಲ್ಲ.”